ಎಣ್ಣಿ ಹಚ್ಚೂದು ಯಾಕ

ಕಪನೂರಿನ ಬೇಳೆ ಮಿಲ್ಲಿನಲ್ಲಿ ಹದಿನೇಳು ವರ್ಷ
ಜಗದೇವಿ ಕಾಕುವಿನ ಪಾಲಿಗೆ ಬಂದ ಕೆಲಸ ಒಂದೇ:
ತೊಗರಿ ಜಾರಿ ಬರುವ ತಗಡಿನ ಕೊನೆಗೆ ಕೂತ
ಚುಂಬಕವನ್ನು ಸಂಜೆಗೊಮ್ಮೆ ಒರೆಸುವುದು.
ಮೊಳೆ, ಪಿನ್ನು, ಚೀಲ ಹೊಲಿದ ಸೂಜಿಯ ಮುರುಕು,
ಒಮ್ಮೆ ಯಾರದೋ ಕೊಡೆಯ ಕಡ್ಡಿ,
ಮತ್ತೆ ದಿನಾ ಒಂದು ಹಿಡಿ ಕರೀ ರೋಮ,
ಕಬ್ಬಿಣದ್ದು, ಬೆಕ್ಕಿನ ಮೈಯಂತೆ ಎದ್ದು ನಿಂತದ್ದು.

ಈಗ ಅವಳ ತಲೆಯ ಮೇಲೆ ಒಂದು ರೋಮವಿಲ್ಲ.
ಮೂರನೆಯ ಕೀಮೋ ಮುಗಿದಿದೆ.
ಎಡ ಎದೆಯಲ್ಲಿ ಹುಣಸೆಬೀಜದಷ್ಟು ಇದ್ದದ್ದಕ್ಕೆ
ಇಡೀ ಮೈಗೆ ಶಿಕ್ಷೆ: ನಾಲಿಗೆ ತುಂಬ ಹುಣ್ಣು,
ಉಗುರು ಕಪ್ಪು, ಬಿಸಿ ರೊಟ್ಟಿಗೂ ತಗಡಿನ ರುಚಿ.
"ಒಬ್ಬ ಕಳ್ಳನ ಸಲುವಾಗಿ ಓಣಿಗೆ ಓಣೀನೇ
ಹಿಡಿದು ಬಡದಂಗ ಆಯ್ತಲ್ಲೇ ಇದು.
ನಿಮ್ಮ ಕಾಲೇಜಿನಾಗ ಏನಾರ ಮಾಡ್ಲತ್ತಾರೇನು ಇದಕ್ಕ?"

ಮಾಡ್ಲತ್ತೀವಿ ಅಂದೆ.
ಗೋಡೆಗೆ ದಿಂಬು ಕೊಟ್ಟು ಕೂರಿಸಿ ಹೇಳಿದೆ.
ಕಬ್ಬಿಣದ ಕಾಳು, ಎಷ್ಟು ಸಣ್ಣದೆಂದರೆ
ನಿನ್ನ ಒಂದು ತೊಗರಿಯ ಅಡ್ಡಕ್ಕೆ
ಲಕ್ಷ ಕಾಳು ಸಾಲಾಗಿ ಕೂತಾವು.
ಅದರ ಮೇಲೆ ಕೊಬ್ಬಿನ ಲೇಪ, ಲೇಪದೊಳಗೆ ಔಷಧ.
ರಕ್ತಕ್ಕೆ ಬಿಡುವುದು,
ಹೊರಗಿನಿಂದ ಎದೆಯ ಮೇಲೆ ಸೂಜಿಗಲ್ಲು ಹಿಡಿಯುವುದು.
ಕರೆದ ಮನೆಗೆ ಹೋಗುತ್ತದೆ, ಓಣಿಯೆಲ್ಲ ಅಲೆಯುವುದಿಲ್ಲ.

ಅವಳು ನಕ್ಕಳು, ಒಡೆದ ತುಟಿ ಒತ್ತಿ ಹಿಡಿದು.
"ನಾ ಹದಿನೇಳು ವರ್ಷ ಹೊರಗ ತಗದದ್ದನ್ನ
ನೀ ಮತ್ತ ಒಳಗ ಹಾಕ್ಲತ್ತಿ."

ಹೇಳದೆ ಉಳಿಸಿಕೊಂಡದ್ದು ಬಹಳ.
ಇದೆಲ್ಲ ಇನ್ನೂ ಇಲಿಗಳ ಮೈಯಲ್ಲಿ. ಅಲ್ಲಿಯೂ
ಅರ್ಧಕ್ಕಿಂತ ಹೆಚ್ಚು ಕಾಳು ದಾರಿ ತಪ್ಪಿ
ಲಿವರಿನಲ್ಲಿ ಹೋಗಿ ಕೂತಿರುತ್ತವೆ.
ಚರ್ಮದಿಂದ ಎರಡು ಬೆರಳು ಕೆಳಗಿಳಿದರೆ
ನಮ್ಮ ಸೂಜಿಗಲ್ಲಿನ ದನಿ ಅಲ್ಲಿಗೆ ಕೇಳಿಸದು.
ಮತ್ತೆ ಆ ಕೊಬ್ಬು. ಗಡ್ಡೆಯನ್ನು ಮೆಲ್ಲಗೆ ಕಾಯಿಸಿದರೆ
ನಲವತ್ತೆರಡು ಡಿಗ್ರಿಗೆ ಕರಗಿ ಔಷಧ ಬಿಡಬೇಕೆಂದು ಲೆಕ್ಕ.
ಲೆಕ್ಕ ಹಾಕಿದವರ ಊರಿನಲ್ಲಿ ಅದು
ಜ್ವರಕ್ಕೂ ಆಚೆಯ ಸಂಖ್ಯೆ.
ಇಲ್ಲಿ ಮೇ ತಿಂಗಳ ಮಧ್ಯಾಹ್ನ.
ಸ್ಕೂಟಿಯ ಡಿಕ್ಕಿಯಲ್ಲಿಟ್ಟು ಸೇಡಂ ರೋಡಿನುದ್ದ ಒಯ್ದ
ಇಪ್ಪತ್ತು ಬಾಟಲಿ, ಕಾಲೇಜು ಮುಟ್ಟುವ ಮೊದಲೇ
ಇದ್ದದ್ದನ್ನೆಲ್ಲ ನೀರಿಗೆ ಬಿಟ್ಟುಕೊಟ್ಟು ಕೂತಿದ್ದವು.
ನಾಲ್ಕು ತಿಂಗಳ ಕೆಲಸ.
ಗೈಡು ಏನೂ ಅನ್ನಲಿಲ್ಲ. ಮರುದಿನ
ನನ್ನ ಟೇಬಲ್ಲಿನ ಮೇಲೆ ಒಂದು ಥರ್ಮಾಸು ಇತ್ತು.

ಜೂನಿನಲ್ಲಿ ಕಾಕುವಿಗೆ ಮೊಬೈಲಿನಲ್ಲಿ ತೋರಿಸಿದೆ:
ಕಿರುಬೆರಳಷ್ಟು ಗಾಜು, ಒಳಗೆ ಚಹಾ ಡಿಕಾಕ್ಷನ್ನಿನ ಬಣ್ಣ.
ಸೂಜಿಗಲ್ಲು ಪಕ್ಕಕ್ಕೆ ಬಂದದ್ದೇ ತಡ
ಕಪ್ಪೆಲ್ಲ ಒಂದು ಗೋಡೆಗೆ ಸರಿದು
ಉಳಿದದ್ದು ತಿಳಿನೀರು.
ಎರಡು ಸಲ ನೋಡಿದಳು. ಮೂರನೆಯ ಸಲ
ಬೆರಳಿಟ್ಟು ನಿಲ್ಲಿಸಿದಳು.

"ಕರದ್ರ ಬರ್ತದ, ಖರೆ. ಬಿಡೂದು ಯಾವಾಗ?
ಮಿಲ್ಲಿನಾಗ ತೊಗರಿಗಿ ಎಣ್ಣಿ ಯಾಕ ಹಚ್ಚತಾರ, ಗೊತ್ತೇನು?"
ಹೊಳಪಿಗೆ, ಅಂದೆ.
"ಹುಚ್ಚಿ. ಸಿಪ್ಪಿ ಬಿಡ್ಲಿ ಅಂತ.
ಎಣ್ಣಿ ಹಚ್ಚಿ, ರಾತ್ರಿಯೆಲ್ಲ ರಾಶಿ ಹಾಕಿ,
ಮುಂಜಾನಿ ಬಿಸಲಿಗಿ ಹರವ್ತಾರ.
ಅವಸರ ಮಾಡಿದ್ರ ಬ್ಯಾಳಿನೇ ನುಚ್ಚು.
ಎಣ್ಣಿ ಹಚ್ಚೂದು ಹಿಡಕೊಳ್ಳಲಾಕ ಅಲ್ಲವ್ವ."

ಅವಳು ಮಲಗಿದ ಮೇಲೆ ನೋಟ್‌ಬುಕ್ಕು ತೆರೆದೆ.
ಬಿಡುಗಡೆ ಎಂಬ ಅಂಕಣದ ಮುಂದೆ
ಏನೋ ಬರೆದು, ಹೊಡೆದುಹಾಕಿ,
ರಾಶಿ, ರಾತ್ರಿ, ಅಂತಷ್ಟೇ ಬರೆದೆ.

ಕಬಾಟಿನ ಬಾಗಿಲಿಗೆ ಮಿಲ್ಲಿನ ಹಳೆಯ ಚುಂಬಕ
ಆಸ್ಪತ್ರೆಯ ಚೀಟಿಯನ್ನು ಕಚ್ಚಿ ಹಿಡಿದಿತ್ತು:
ಐದನೆಯದು, ಗುರುವಾರ, ಬರಿಹೊಟ್ಟೆ ಬೇಡ.
ಚೀಟಿ ತೆಗೆಯಲು ನನಗೆ
ಎರಡೂ ಕೈ ಬೇಕಾಯಿತು.